ಮಲ್ಪೆಯ ಬೋಟಿನ ಕೆಲಸದ ಬಗ್ಗೆ ಬಲ್ಲವರು ತಿಳಿಸಬೇಕು

ಪ್ರಶ್ನೆ (ಶ್ರೀರಂಗಪಟ್ಟಣ): ಕನ್ನಂಬಾಡಿ ಹಿನ್ನೀರಿನಲ್ಲಿ ಹರಿಗೋಲಿನಿಂದ ಬಲೆ ಬಿಟ್ಟು ಕಾಟ್ಲಾ, ರೋಹು ಹಿಡಿಯುವ ಮನೆತನ ನಮ್ಮದು. ತಮ್ಮನು ಆಗಸ್ಟ್‌ನಲ್ಲಿ ಮಲ್ಪೆಗೆ ಹೋಗಿ ಬೋಟು ಸೇರುವೆನೆಂದು ಹಟ ಹಿಡಿದಿದ್ದಾನೆ. ಅವ್ವನಿಗೆ ನಿದ್ದೆಯಿಲ್ಲ. ಅಲ್ಲಿನ ಕೆಲಸ ಹೇಗಿರುತ್ತದೆ?

ಉತ್ತರ (ಮೈಸೂರು): ನಾನು ಟ್ರಾಲ್ ಬೋಟಿನಲ್ಲಿ ದುಡಿದವನು. ಮಂಜುಗಡ್ಡೆ, ಡೀಸೆಲ್, ಅಕ್ಕಿ, ಕುಡಿಯುವ ನೀರನ್ನು ತುಂಬಿಕೊಂಡು ಹೊರಟ ಆಳಸಮುದ್ರದ ಬೋಟು ಹಲವು ದಿನ ದಡಕ್ಕೆ ಬರುವುದಿಲ್ಲ. ಗಂಟೆಗಟ್ಟಲೆ ತಳದಲ್ಲಿ ಎಳೆದ ಬಲೆಯನ್ನು ವಿಂಚಿನಿಂದ (ಹಗ್ಗ ಸುತ್ತುವ ಯಂತ್ರದಿಂದ) ಮೇಲೆತ್ತಿ, ಸಿಗಡಿ, ಬೊಂಡಾಸ, ರಾಣಿಮೀನುಗಳನ್ನು ಬೇರ್ಪಡಿಸಿ, ಮಂಜುಗಡ್ಡೆಯೊಡನೆ ಒಳಗೆ ಜೋಡಿಸುವಷ್ಟರಲ್ಲಿ ಮುಂದಿನ ಬಲೆ ಎತ್ತುವ ಹೊತ್ತಾಗಿರುವುದರಿಂದ, ನಿದ್ದೆ ತುಂಡುತುಂಡಾಗಿಯೇ ದೊರೆಯುತ್ತದೆ. ಅಲೆಗಿಂತ ನನಗೆ ಭಯವಿದ್ದುದು ವಿಂಚಿನ ಉಕ್ಕಿನ ಹಗ್ಗದ್ದು; ಅದು ಬಿಗಿಯಾದಾಗ ತಮ್ಮನು ಹತ್ತಿರ ನಿಲ್ಲಕೂಡದು. ಹೊಳೆಯಲ್ಲಿ ಈಜು ಕಲಿತಿದ್ದರೂ ಲೈಫ್ ಜಾಕೆಟ್ ಬಿಡಬಾರದು.

ಉತ್ತರ (ಮದ್ದೂರು): ಬಂಗುಡೆ, ಬೂತಾಯಿ ಹಿಂಡನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟಿನಲ್ಲಿ ಆಳುಗಳು ಹೆಚ್ಚು; ಸಾಮಾನ್ಯವಾಗಿ ಬೇಗ ದಡಕ್ಕೆ ಮರಳುತ್ತಾರೆ. ಹೊಸಬನಿಗೆ ಅದೇ ಲೇಸೆಂದು ನನ್ನ ಅಭಿಪ್ರಾಯ. ಡೀಸೆಲ್ ಖರ್ಚು ಕಳೆದ ಮೇಲೆ ಪಾಲೋ, ತಿಂಗಳ ಸಂಬಳವೋ ಎಂಬುದನ್ನು ಮುಂಗಡ ಪಡೆಯುವ ಮೊದಲೇ ಬೋಟು ನಡೆಸುವ ತಂಡೇಲರಲ್ಲಿ ಕೇಳಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ 61 ದಿನ ಊರಲ್ಲಿರಬಹುದೆಂದು ಅವ್ವನಿಗೆ ಹೇಳಿ.