ಟೈಟಾನಿಯಂಗೆ ತುಕ್ಕು ಯಾಕೆ ಹಿಡಿಯಲ್ಲ? ಪಟ್ಟಿ ನೋಡಿದರೆ ಉಲ್ಟಾ ಇದೆ

ಕೆಮಿಸ್ಟ್ರಿ_ಗೊಂದಲ:
ಚಿನ್ನ ಯಾಕೆ ಹಾಳಾಗುವುದಿಲ್ಲ ಅನ್ನುವುದು ಅರ್ಥವಾಯಿತು. ಆಮ್ಲಜನಕದ ಜೊತೆ ಸೇರುವ ಮನಸ್ಸೇ ಅದಕ್ಕಿಲ್ಲ. ಪುಸ್ತಕದ ಪಟ್ಟಿಯಲ್ಲಿ ಅದರ ಎಲೆಕ್ಟ್ರೋಡ್ ವಿಭವ (ಇದು ಕಮ್ಮಿಯಾದಷ್ಟೂ ಲೋಹ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ) +1.5 ವೋಲ್ಟ್. ಕಬ್ಬಿಣ -0.44. ಇಲ್ಲಿವರೆಗೂ ಸರಿ. ಆದರೆ ಟೈಟಾನಿಯಂ -1.63! ಅಂದರೆ ಕಬ್ಬಿಣಕ್ಕಿಂತ ಜಾಸ್ತಿ ಚುರುಕು, ಅಲ್ವಾ? ಹಾಗಿದ್ದ ಮೇಲೆ ಮೊದಲು ಇದೇ ಹಾಳಾಗಬೇಕಿತ್ತು. ಸಮುದ್ರದ ನೀರಲ್ಲಿ ಬಿಟ್ಟರೂ ಏನೂ ಆಗುವುದಿಲ್ಲ ಅಂತಾರೆ. ಪಟ್ಟಿ ತಪ್ಪಾ, ನಾನು ಓದಿಕೊಂಡಿದ್ದು ತಪ್ಪಾ?

ಬೀಕರ್:
ಎರಡೂ ಸರಿ ಇದೆ. ಲೋಹದ ಮೇಲೆ ಆಕ್ಸೈಡ್ ಪದರ ಕೂರುತ್ತದೆ, ಅದು ಒಳಗಿನದನ್ನು ಕಾಯುತ್ತದೆ. ಪ್ಯಾಸಿವೇಶನ್ ಅಂತಾರೆ. ಅಲ್ಯೂಮಿನಿಯಂದೂ ಇದೇ ಕಥೆ.

ಕೆಮಿಸ್ಟ್ರಿ_ಗೊಂದಲ:
ಕಬ್ಬಿಣದ ತುಕ್ಕೂ ಆಕ್ಸೈಡೇ ತಾನೇ? ಅದ್ಯಾಕೆ ಕಾಯುವುದಿಲ್ಲ?

ಕ್ಲೋರಿನ್_ಶಿಫ್ಟ್:
ನಾನು ಕ್ಲೋರಿನ್ ತಯಾರಿಸುವ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಟೈಟಾನಿಯಂ ದಿನಾ ಕೈಗೆ ಸಿಗುವ ಲೋಹ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ತುಕ್ಕು ಎಲ್ಲಿ ಹುಟ್ಟುತ್ತದೆ ನೋಡಿ. ಕಬ್ಬಿಣ ಮೊದಲು ನೀರಿಗೆ ಕರಗುತ್ತದೆ. ಆಮೇಲೆ ನೀರಲ್ಲಿರುವ ಆಮ್ಲಜನಕದ ಜೊತೆ ಸೇರಿ, ಎಲ್ಲೋ ಪಕ್ಕದಲ್ಲಿ ಬಂದು ಕೂರುತ್ತದೆ. ಅದರೊಳಗೆಲ್ಲ ತೂತು, ನೀರು. ಉಗುರಲ್ಲಿ ಕೆರೆದರೆ ಚಕ್ಕೆ ಎದ್ದು ಬರುತ್ತದೆ, ಕೆಳಗೆ ಹೊಸ ಕಬ್ಬಿಣ ಮತ್ತೆ ಬಯಲಾಗುತ್ತದೆ. ಟೈಟಾನಿಯಂ ಆಕ್ಸೈಡ್ ಹಾಗಲ್ಲ. ಲೋಹದ ಮೈಮೇಲೆಯೇ ಹುಟ್ಟಿ, ಅಲ್ಲೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸಂದು ಇಲ್ಲ. ನೀರಿಗೂ ಕರಗುವುದಿಲ್ಲ.

ದಪ್ಪ ಕೆಲವೇ ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅರ ಹಾಕಿ ಉಜ್ಜಿದರೆ ಪದರ ಹೋಗುತ್ತದೆ, ಆದರೆ ನೀವು ಅರ ಎತ್ತುವಷ್ಟರಲ್ಲಿ ಹೊಸದು ಕೂತಿರುತ್ತದೆ. ನಿಮ್ಮ -1.63 ಕೆಲಸಕ್ಕೆ ಬರುವುದೇ ಇಲ್ಲಿ. ಅಷ್ಟು ಚುರುಕಾಗಿರುವುದರಿಂದಲೇ ಗಾಯ ತಕ್ಷಣ ಮುಚ್ಚಿಕೊಳ್ಳುತ್ತದೆ.

ಕಣ್ಣಿಗೆ ಕಾಣದ ಈ ಪದರವನ್ನು ಕಾಣುವ ಹಾಗೆ ಮಾಡಬಹುದು. ತಗಡನ್ನು ತಕ್ಕ ದ್ರಾವಣದಲ್ಲಿ ಅದ್ದಿ, ಪ್ಲಸ್ ತುದಿಗೆ ಕಟ್ಟಿ ವೋಲ್ಟೇಜ್ ಏರಿಸುತ್ತಾ ಹೋಗಿ. ಪದರ ದಪ್ಪವಾಗುತ್ತದೆ. ಮೊದಲು ಕಂದು ಬೆರೆತ ಹೊಂಬಣ್ಣ, ಆಮೇಲೆ ನೇರಳೆ, ನೀಲಿ. ಬಣ್ಣ ಹಚ್ಚಿದ್ದೇನಿಲ್ಲ. ಪದರದ ಮೇಲಿಂದ ಮತ್ತು ತಳದಿಂದ ವಾಪಸ್ ಬರುವ ಬೆಳಕು ಒಂದಕ್ಕೊಂದು ಸೇರಿ ಆಗುವ ಆಟ ಅದು.

ಬೀಕರ್:
ಪಿಲ್ಲಿಂಗ್-ಬೆಡ್‌ವರ್ತ್ ಲೆಕ್ಕ ಬಿಟ್ಟಿರಲ್ಲ ಸರ್. 1923ರಲ್ಲಿ ಅವರಿಬ್ಬರು ಹೇಳಿದ್ದು. ಆಕ್ಸೈಡಿನ ಗಾತ್ರವನ್ನು ಅದಕ್ಕೆ ಖರ್ಚಾದ ಲೋಹದ ಗಾತ್ರದಿಂದ ಭಾಗಿಸಬೇಕು. ಒಂದಕ್ಕಿಂತ ಕಮ್ಮಿ ಬಂದರೆ ಪದರ ಸಾಲದೆ ಬಿರುಕು ಬಿಡುತ್ತದೆ. ಮೆಗ್ನೀಸಿಯಂಗೆ 0.81. ತುಂಬಾ ಜಾಸ್ತಿಯಾದರೆ ಉಬ್ಬಿ ಏಳುತ್ತದೆ. ಟೈಟಾನಿಯಂ ಸುಮಾರು 1.7, ಸರಿಯಾಗಿ ಮಧ್ಯದಲ್ಲಿದೆ.

ಕ್ಲೋರಿನ್_ಶಿಫ್ಟ್:
ಬೇಕಂತಲೇ ಬಿಟ್ಟೆ. ಅದು ಒಣ ಗಾಳಿಯಲ್ಲಿ ಕಾಯಿಸಿದಾಗ ಉಪಯೋಗಕ್ಕೆ ಬರುವ ಅಂದಾಜು. ಆ ಲೆಕ್ಕದಲ್ಲಿ ಕ್ರೋಮಿಯಂದೂ ಕಬ್ಬಿಣದ್ದೂ ಹತ್ತಿರ ಹತ್ತಿರ ಒಂದೇ, ಎರಡೂ 2ಕ್ಕಿಂತ ಒಂಚೂರು ಮೇಲೆ. ಆದರೂ ಕಬ್ಬಿಣಕ್ಕೆ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಸೇರಿಸಿದರೆ ಸ್ಟೇನ್‌ಲೆಸ್ ಆಗುತ್ತದೆ. ನೀರಲ್ಲಿ ಪದರ ಕರಗುತ್ತದಾ, ಕಿತ್ತುಹೋದರೆ ಮತ್ತೆ ಕೂರುತ್ತದಾ ಅನ್ನುವುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಬೀಕರ್:
ಒಪ್ಪಿದೆ. ಅದಕ್ಕೆ ಹಳೇ ಉದಾಹರಣೆಯೂ ಇದೆ. ಗಾಢ ನೈಟ್ರಿಕ್ ಆಮ್ಲದಲ್ಲಿ ಅದ್ದಿದ ಕಬ್ಬಿಣ ಪದರ ಕಟ್ಟಿಕೊಂಡು ಸುಮ್ನೆ ಇರುತ್ತದೆ. ಆಮೇಲೆ ತೆಳು ಆಮ್ಲಕ್ಕೆ ಹಾಕಿದರೂ ಸುಮ್ನೆ. ಅಲ್ಲೇ ಒಂದು ಗೀರು ಹಾಕಿ, ಬುಸಬುಸ ಅಂತ ಕರಗಲು ಶುರು. 1836ರಲ್ಲಿ ರಸಾಯನ ವಿಜ್ಞಾನಿ ಶೋನ್‌ಬೈನ್ ಇದನ್ನು ಫ್ಯಾರಡೆಗೆ ಬರೆದು ತಿಳಿಸಿದ್ದ.

ಕೆಮಿಸ್ಟ್ರಿ_ಗೊಂದಲ:
ಹಾಗಾದರೆ ಟೈಟಾನಿಯಂ ಎಲ್ಲದಕ್ಕೂ ಸೈ ಅನ್ನಿ.

ಕ್ಲೋರಿನ್_ಶಿಫ್ಟ್:
ಅಯ್ಯೋ, ಹಾಗಂದುಕೊಂಡರೆ ಬೆಂಕಿ ಬೀಳುತ್ತದೆ. ನಿಜವಾದ ಬೆಂಕಿ.

ನಮ್ಮಲ್ಲಿ ಉಪ್ಪುನೀರಿಗೆ ಕರೆಂಟ್ ಕೊಟ್ಟಾಗ ಹೊರಬರುವ ಕ್ಲೋರಿನ್ ಒದ್ದೆ ಇರುತ್ತದೆ. ಬಿಸಿಯೂ ಇರುತ್ತದೆ. ಒದ್ದೆ ಕ್ಲೋರಿನ್ ಮಾಮೂಲಿ ಸ್ಟೀಲನ್ನು ತಿಂದು ಹಾಕುತ್ತದೆ. ಅದಕ್ಕೇ ಅದನ್ನು ತಣ್ಣಗೆ ಮಾಡುವ ಕೂಲರ್ ಟೈಟಾನಿಯಂದು. ಆಮೇಲೆ ಗಂಧಕಾಮ್ಲದಲ್ಲಿ ಹಾಯಿಸಿ ತೇವ ತೆಗೆಯುತ್ತೇವೆ. ಅಲ್ಲಿಂದ ಮುಂದೆ ಪೈಪು ಮಾಮೂಲಿ ಸ್ಟೀಲ್! ಹೊಸಬರು ಇದನ್ನು ದುಡ್ಡು ಉಳಿಸಲು ಮಾಡಿದ್ದು ಅಂದುಕೊಳ್ಳುತ್ತಾರೆ. ದುಡ್ಡಿನ ಮಾತೇ ಅಲ್ಲ. ಒಣ ಕ್ಲೋರಿನ್ನಿನಲ್ಲಿ ಟೈಟಾನಿಯಂ ಹೊತ್ತಿಕೊಂಡು ಉರಿಯಬಹುದು. ಪದರ ಎಲ್ಲಾದರೂ ತರಚಿದರೆ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು, ಅದು ಬರುವುದು ಆ ತೇವದಿಂದ. ತೇವ ಇಲ್ಲ, ರಿಪೇರಿ ಇಲ್ಲ. ಸ್ಟೀಲಿಗೆ ಇದರ ಉಲ್ಟಾ. ಒಣಗಿದ್ದಾಗ ಅದರ ಮೇಲೆ ಕಬ್ಬಿಣದ ಕ್ಲೋರೈಡ್ ಕೂತು ಕಾಯುತ್ತದೆ, ನೀರು ತಾಗಿದರೆ ಅದೇ ಕರಗಿ ಹೋಗುತ್ತದೆ. ಬಿಡಿಭಾಗ ಬದಲಿಸುವಾಗ ನಾನು ಮೊದಲು ಕೇಳುವುದು ‘ಇದು ಒದ್ದೆ ಕಡೆಯದಾ, ಒಣ ಕಡೆಯದಾ’ ಅಂತ. ಒಳ್ಳೆ ಲೋಹ, ಕೆಟ್ಟ ಲೋಹ ಅನ್ನುವ ಮಾತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ಇನ್ನು ಹೈಡ್ರೋಫ್ಲೋರಿಕ್ ಆಮ್ಲದ ಹತ್ತಿರ ಟೈಟಾನಿಯಂ ಬೇಡವೇ ಬೇಡ, ಅದು ಪದರವನ್ನೇ ಕರಗಿಸುತ್ತದೆ. ಬಿಸಿ ಉಪ್ಪುನೀರಿದ್ದರೆ ಗ್ಯಾಸ್ಕೆಟ್ (ಜೋಡಣೆಯಲ್ಲಿ ಸೋರದಂತೆ ಇಡುವ ಬಿಲ್ಲೆ) ಅಡಿಯ ಸಂದನ್ನು ನೋಡಬೇಕು. ಅಲ್ಲಿ ಆಮ್ಲಜನಕ ಮುಗಿದು, ಆಮ್ಲ ಕೂಡಿಕೊಳ್ಳುತ್ತದೆ. ಪೈಪು ಜೋಡಿಸುವ ಫ್ಲಾಂಜ್ ಬಿಚ್ಚಿದರೆ ಹೊರಗೆಲ್ಲ ಫಳಫಳ, ಗ್ಯಾಸ್ಕೆಟ್ ಕೂತ ಜಾಗದಲ್ಲಿ ಮಾತ್ರ ಲೋಹ ತಿಂದುಹೋಗಿರುತ್ತದೆ. ಅಂಥ ಕಡೆ ಒಂಚೂರು ಪಲ್ಲಾಡಿಯಂ ಸೇರಿಸಿದ ಟೈಟಾನಿಯಂ ಹಾಕುತ್ತಾರೆ. ಅದು 0.2 ಶೇಕಡಾ ಆಸುಪಾಸು ಇದ್ದರೆ ಸಾಕು.

ಕೆಮಿಸ್ಟ್ರಿ_ಗೊಂದಲ:
ಒಂದೇ ಒಂದು ಕೊನೆ ಪ್ರಶ್ನೆ. ಉಪ್ಪುನೀರಲ್ಲಿ ಟೈಟಾನಿಯಂ ತಗಡಿಗೆ ಅಲ್ಯೂಮಿನಿಯಂ ಬೋಲ್ಟ್ ಹಾಕಬಹುದಾ? ಎರಡಕ್ಕೂ ಪದರ ಇದೆಯಲ್ಲ.

ಕ್ಲೋರಿನ್_ಶಿಫ್ಟ್:
ಬೇಡ. ತಗಡು ಹಾಗೇ ಇರುತ್ತದೆ, ಬೋಲ್ಟ್ ಕರಗುತ್ತದೆ. ಉಪ್ಪಿನ ಕ್ಲೋರೈಡ್ ಅಲ್ಯೂಮಿನಿಯಂ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಪಕ್ಕದಲ್ಲಿ ಅಷ್ಟು ದೊಡ್ಡ ಟೈಟಾನಿಯಂ ತಗಡು ಇದ್ದರೆ ಆ ತೂತು ಇನ್ನೂ ಬೇಗ ಆಳವಾಗುತ್ತದೆ. ಬೋಲ್ಟೂ ಟೈಟಾನಿಯಂದೇ ಹಾಕಿ.