ಭಾವಚಿತ್ರದಲ್ಲಿ ಮುಖ ತೆಳು, ಮಣಿಸರ ದಪ್ಪ: ಬಣ್ಣದ ಪದರಗಳಿಂದ ಅರ್ಥ ಹುಡುಕುವುದು ಹೇಗೆ?

ಪ್ರಶ್ನೆ (ಶಿರಸಿಯಿಂದ)

ಮಾನ್ಯರೇ, ಕಾರವಾರದಲ್ಲಿ ಈಚೆಗೆ ನೋಡಿದ ಭಾವಚಿತ್ರವೊಂದು ಇನ್ನೂ ಕಣ್ಣಮುಂದಿದೆ. ವಯಸ್ಸಾದ ಹಾಲಕ್ಕಿ ಒಕ್ಕಲಿಗ ಮಹಿಳೆಯೊಬ್ಬರು ನಮ್ಮತ್ತಲೇ ನೋಡುತ್ತ ಕುಳಿತಿದ್ದಾರೆ. ದೂರದಿಂದ ಫೋಟೊದಂತೆ ಕಾಣುವ ಆ ಚಿತ್ರ ಹತ್ತಿರ ಹೋದರೆ ಬೇರೆಯೇ ಆಗುತ್ತದೆ: ಹಣೆ ಮತ್ತು ಕೆನ್ನೆಯ ಬಣ್ಣ ಎಷ್ಟು ತೆಳುವೆಂದರೆ ಬಟ್ಟೆಯ ನೇಯ್ಗೆಯೂ ಅದರ ಮೇಲೆ ಮೊದಲು ಬಳಿದ ಕೆಂಪೂ ಕಾಣುತ್ತವೆ, ಕೊರಳಿನ ಕಪ್ಪು ಮಣಿಗಳು ಮಾತ್ರ ಉಬ್ಬಿ ನಿಂತಿವೆ. ಪಕ್ಕದ ಚೀಟಿಯಲ್ಲಿ ‘ತೈಲವರ್ಣ, ಕೆಮ್ಮಣ್ಣು, ಗೋಣಿಬಟ್ಟೆ’ ಎಂದಷ್ಟೇ ಬರೆದಿತ್ತು. ಕೆಮ್ಮಣ್ಣು ನೆಲದ ಸಂಕೇತ, ಗೋಣಿ ದುಡಿಮೆಯ ಸಂಕೇತ ಎಂದು ಜೊತೆಗಿದ್ದವರು ಅರ್ಥ ಹೇಳಿ ಮುಂದೆ ನಡೆದರು. ನನಗದು ಅವಸರದ ಮಾತೆನಿಸಿತು. ಸಾಮಗ್ರಿಯನ್ನು ಓದುವ ಸರಿಯಾದ ಕ್ರಮ ಯಾವುದು?

ಉತ್ತರ 1 (ಕುಮಟಾದಿಂದ)

ನಾನು ತೈಲವರ್ಣದಲ್ಲಿ ಕೆಲಸ ಮಾಡುವವನು. ತಮ್ಮ ಅನುಮಾನ ಸರಿಯಾಗಿದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಅದು ಬೆಳಕಿಗೆ ಮಾಸುವುದಿಲ್ಲ, ಅಗ್ಗವೂ ಹೌದು, ಚರ್ಮದ ಬಣ್ಣ ಕಲಸಲು ಚಿತ್ರಕಾರರು ಶತಮಾನಗಳಿಂದ ಅದನ್ನೇ ನೆಚ್ಚಿದ್ದಾರೆ. ಆದ್ದರಿಂದ ಕೆಮ್ಮಣ್ಣು ಇದೆ ಎಂಬುದೊಂದೇ ಅರ್ಥವನ್ನು ಕೊಡಲಾರದು. ಕಲಾವಿದರು ರೂಢಿಯನ್ನು ಎಲ್ಲಿ ಮುರಿದಿದ್ದಾರೆ ಎಂದು ಮೊದಲು ನೋಡಬೇಕು.

ತೈಲವರ್ಣದಲ್ಲಿ ನೆರಳನ್ನು ತೆಳುವಾಗಿಯೂ ಬೆಳಕನ್ನು ದಪ್ಪವಾಗಿಯೂ ಇಡುವುದು ಹಳೆಯ ರೂಢಿ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಕೊನೆಗಾಲದ ಭಾವಚಿತ್ರಗಳಲ್ಲಿ ಬೆಳಕು ಬಿದ್ದ ಹಣೆ, ಮೂಗುಗಳ ಮೇಲೆ ಬಣ್ಣ ಮುದ್ದೆಯಾಗಿದ್ದರೆ ಕತ್ತಲಿನ ಭಾಗ ಪಾರದರ್ಶಕವಾಗಿರುತ್ತದೆ. ತಾವು ಕಂಡ ಚಿತ್ರದಲ್ಲಿ ಇದು ತಿರುವುಮುರುವಾಗಿದೆ. ಅಗಸೆ ಎಣ್ಣೆಯ ಬಣ್ಣ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ತೆಳು ಪದರಕ್ಕೆ ಕೆಲವು ದಿನ ಸಾಕು, ದಪ್ಪ ಮುದ್ದೆಯ ಒಳಭಾಗಕ್ಕೆ ತಿಂಗಳುಗಳೇ ಬೇಕು. ಅದರಲ್ಲೂ ಮೂಳೆ ಸುಟ್ಟು ಮಾಡುವ ಕಪ್ಪು ಬಹಳ ನಿಧಾನ. ಅಷ್ಟು ಕಾಯುವ ತೊಂದರೆಯನ್ನು ಮಣಿಗಳಿಗಾಗಿ ಹೊತ್ತುಕೊಂಡವರು ಮುಖವನ್ನು ಒಂದೆರಡು ಪದರಗಳಲ್ಲೇ ನಿಲ್ಲಿಸಿದ್ದಾರೆಂದರೆ ಅದು ಕೈತಪ್ಪಲ್ಲ, ನಿರ್ಧಾರ. ಮೈಮೇಲೆ ತೊಟ್ಟದ್ದಕ್ಕೆ ಭಾರವಿದೆ, ಮುಖ ನೆಲದ ಬಣ್ಣಕ್ಕೆ ಮರಳುತ್ತಿದೆ. ನನ್ನ ಓದು ಇಷ್ಟು.

ಉತ್ತರ 2 (ಅಂಕೋಲಾದಿಂದ)

ಗೋಣಿಯ ಬಗ್ಗೆ ಒಂದು ಮಾತು. ಗೋಣಿಯ ಸೆಣಬು, ತೈಲಚಿತ್ರಕ್ಕೆ ರೂಢಿಯಲ್ಲಿರುವ ಅಗಸೆ ನಾರಿನ ಬಟ್ಟೆಯಾದ ಲಿನನ್‌ನಷ್ಟು ಬಾಳುವುದಿಲ್ಲ, ಕಾಲಕ್ರಮದಲ್ಲಿ ಕಂದಾಗಿ ಪುಡಿಯಾಗತೊಡಗುತ್ತದೆ. ಎಣ್ಣೆ ನೇರವಾಗಿ ತಾಗಿದರೆ ಇನ್ನೂ ಬೇಗ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ತೇವ ಹೀರಿ ಹಿಗ್ಗಿ ಕುಗ್ಗುವಾಗ ದಪ್ಪ ಬಣ್ಣವೇ ಮೊದಲು ಬಿರಿಯುತ್ತದೆ. ಅಂದರೆ ಅತಿ ಭಾರದ ಮಣಿಗಳನ್ನು ಅತಿ ದುರ್ಬಲ ಬಟ್ಟೆಯ ಮೇಲೆ ಇಡಲಾಗಿದೆ. ಕಲಾವಿದರು ಇದನ್ನು ಬಯಸಿ ಮಾಡಿದರೇ ಎಂಬುದು ಅವರಿಗೇ ಕೇಳಬೇಕಾದ ಪ್ರಶ್ನೆ.

ಕೆಂಪಿನ ಬಗ್ಗೆ ಮಾತ್ರ ಕುಮಟಾದವರಿಗಿಂತ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಮ್ಮ ಭಾಗದ ಹಳೆಯ ದೇವಸ್ಥಾನಗಳ ಕಾವಿ ಚಿತ್ರಗಳನ್ನು ನೋಡಿದವರಿಗೆ ಈ ಕೆಂಪು ಬರಿಯ ಅಗ್ಗದ ಬಣ್ಣವಲ್ಲ. ಅಲ್ಲಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಹಸಿಯಿರುವಾಗಲೇ ಕೆರೆದು ತೆಗೆದು, ಅಡಿಯ ಬಿಳಿಯಿಂದ ರೂಪವನ್ನು ಮೂಡಿಸುತ್ತಾರೆ. ಕೂಡಿಸುವುದಕ್ಕಿಂತ ತೆಗೆಯುವುದೇ ಅಲ್ಲಿ ಮುಖ್ಯ. ತಾವು ಮತ್ತೊಮ್ಮೆ ಹೋಗುವುದಾದರೆ, ಕೆನ್ನೆಯ ಕೆಂಪು ಮೇಲುಬಣ್ಣ ಸಾಲದೆ ಉಳಿದದ್ದೋ, ಮೇಲುಬಣ್ಣವನ್ನು ತೆಗೆದು ತೋರಿಸಿದ್ದೋ ಎಂದು ಓರೆಬೆಳಕಿನಲ್ಲಿ ಪರೀಕ್ಷಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಮತ್ತೆ ಹೋಗಿದ್ದೆ. ಅಲ್ಲಿದ್ದವರ ಅನುಮತಿ ಪಡೆದು ಬದಿಯಿಂದ ಬೆಳಕು ಬಿಟ್ಟು ನೋಡಿದೆ. ಎಡಗೆನ್ನೆಯಲ್ಲಿ ಬಟ್ಟೆಯಿಂದ ಒರೆಸಿದ ಗುರುತುಗಳು ಸ್ಪಷ್ಟವಾಗಿವೆ. ಚರ್ಮದ ಬಣ್ಣ ನೇಯ್ಗೆಯ ತಗ್ಗುಗಳಲ್ಲಿ ಉಳಿದಿದೆ, ದಾರದ ಉಬ್ಬುಗಳ ಮೇಲೆ ಕೆಂಪು ತೆರೆದುಕೊಂಡಿದೆ. ಸುಕ್ಕುಗಳೆಂದು ನಾನು ತಿಳಿದಿದ್ದ ಗೆರೆಗಳಲ್ಲಿ ಹೆಚ್ಚಿನವು ಕುಂಚದಿಂದ ಬರೆದವಲ್ಲ, ಹೀಗೆ ಒರೆಸಿ ತೆಗೆದಾಗ ಮೂಡಿದವು.