ಕಾಲೇಜು ಲೈಬ್ರರಿಯಲ್ಲಿ ಕೊಡಗಿನ ಗೌರಮ್ಮ ಸಿಗುತ್ತಿಲ್ಲ, ಎಲ್ಲಿ ಹುಡುಕಲಿ?

ಕೊನೇಬೆಂಚು: ನಮಸ್ಕಾರ. ಬಿಎ ಕೊನೇ ವರ್ಷ, ಐಚ್ಛಿಕ ಕನ್ನಡ. ಪ್ರಾಜೆಕ್ಟ್‌ಗೆ ಕೊಡಗಿನ ಗೌರಮ್ಮನವರ ಕಥೆಗಳನ್ನು ಆರಿಸಿಕೊಂಡಿದ್ದೇನೆ. ನೆಟ್‌ನಲ್ಲಿ ಎಲ್ಲಿ ನೋಡಿದರೂ ಅದೇ ಮೂರು ಸಾಲು: 1912ರಲ್ಲಿ ಹುಟ್ಟಿದರು, ಗಾಂಧೀಜಿ ಕೊಡಗಿಗೆ ಬಂದಾಗ ಒಡವೆ ಕೊಟ್ಟರು, 1939ರಲ್ಲಿ ನೀರಲ್ಲಿ ಮುಳುಗಿ ತೀರಿಕೊಂಡರು. ನಮ್ಮ ಮೇಡಂ ಅದನ್ನು ನೋಡಿ "ಇದು ಎಲ್ಲರೂ ಬರೀತಾರೆ, ಲೈಬ್ರರಿಗೆ ಹೋಗು" ಅಂದರು. ಹೋಗಿ ಅಲ್ಲಿನ ಕಂಪ್ಯೂಟರ್‌ನಲ್ಲಿ ಹೆಸರು ಹೊಡೆದರೆ ಒಂದೂ ಬರಲಿಲ್ಲ. ಅಷ್ಟು ದೊಡ್ಡ ಲೈಬ್ರರಿಯಲ್ಲಿ ನಿಜವಾಗಲೂ ಇಲ್ವಾ?

ಧೂಳುಕಪಾಟು: ಇರುತ್ತೆ, ಇಷ್ಟು ಬೇಗ ಕೈಬಿಡಬೇಡಿ. ನಾನೂ ಒಂದು ಡಿಗ್ರಿ ಕಾಲೇಜಿನಲ್ಲಿ ಲೈಬ್ರರಿಯನ್. ಹಳೇ ಕನ್ನಡ ಪುಸ್ತಕಗಳನ್ನು ಬಹಳ ಕಡೆ ಇಂಗ್ಲಿಷ್ ಅಕ್ಷರದಲ್ಲೇ ಎಂಟ್ರಿ ಮಾಡಿರುತ್ತಾರೆ. ಎಂಟ್ರಿ ಮಾಡಿದವರು ಗೌರಮ್ಮ ಅನ್ನುವುದನ್ನು ಜಿ-ಒ-ಯು ಅಂತ ಶುರು ಮಾಡಿದರೋ, ಜಿ-ಒ-ಡಬ್ಲ್ಯೂ ಅಂತಲೋ, ಜಿ-ಎ-ಯು ಅಂತಲೋ, ಅದು ಆ ದೇವರಿಗೇ ಗೊತ್ತು. ಎಲ್ಲವನ್ನೂ ಹೊಡೆದು ನೋಡಿ, "ಕೊಡಗಿನ" ಬಿಟ್ಟುಬಿಡಿ. ಆಗಲೂ ಬರದಿದ್ದರೆ ಪುಸ್ತಕದ ಹೆಸರು ಕೊಡಿ: ಕಂಬನಿ, ಚಿಗುರು. ಅವರು ಮಿಸೆಸ್ ಬಿ.ಟಿ.ಜಿ. ಕೃಷ್ಣ ಅಂತಲೂ ಬರೆಯುತ್ತಿದ್ದರು, ಅದೂ ನೆನಪಿರಲಿ.

ಅದೂ ಆಗಲಿಲ್ಲವಾ, ಕಂಪ್ಯೂಟರ್ ಬಿಟ್ಟು ಕಪಾಟಿಗೆ ಹೋಗಿ. ಡ್ಯೂಯಿ ನಂಬರ್ (ಪುಸ್ತಕಗಳನ್ನು ವಿಷಯವಾರು ಜೋಡಿಸಲು ಬೆನ್ನಿಗೆ ಅಂಟಿಸುವ ಸಂಖ್ಯೆ) ಹಾಕುವ ಲೈಬ್ರರಿಗಳಲ್ಲಿ 894.814 ಅಂದರೆ ಕನ್ನಡ ಸಾಹಿತ್ಯ, ಕೊನೆಗೆ 3 ಸೇರಿ 894.8143 ಆದರೆ ಕಥೆ, ಕಾದಂಬರಿ. ಆ ಸಾಲಿನಲ್ಲಿ ಒಬ್ಬರದೇ ಸಂಕಲನ ನೋಡಿ ಬಂದುಬಿಡಬೇಡಿ. ಹತ್ತಾರು ಜನರ ಕಥೆ ಸೇರಿಸಿ ಮಾಡಿದ ಪುಸ್ತಕಗಳಿರುತ್ತವಲ್ಲ, ಅವುಗಳ ಒಳಗಿನ ಕಥೆಗಳ ಹೆಸರು ಸಾಮಾನ್ಯವಾಗಿ ಕ್ಯಾಟಲಾಗ್‌ನಲ್ಲಿ ಇರುವುದಿಲ್ಲ. ಕೈಯಲ್ಲಿ ಹಿಡಿದು ಪರಿವಿಡಿ ನೋಡಲೇಬೇಕು. ಜಿ.ಎಚ್. ನಾಯಕರು ನ್ಯಾಷನಲ್ ಬುಕ್ ಟ್ರಸ್ಟ್‌ಗೆ (ಎನ್‌ಬಿಟಿ) ಮಾಡಿಕೊಟ್ಟ ಕನ್ನಡ ಸಣ್ಣ ಕಥೆಗಳ ಸಂಕಲನ, ಎಸ್. ದಿವಾಕರ್ ಅವರ ಶತಮಾನದ ಸಣ್ಣ ಕಥೆಗಳು, ಇವೆರಡರ ಮುನ್ನುಡಿಯನ್ನಂತೂ ಓದಿ.

ಹಳೇಸಂಚಿಕೆ: ಮೇಲಿನವರು ಹೇಳಿದ್ದು ಸರಿ, ಆದರೆ ಪುಸ್ತಕಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ಕಂಬನಿ ಬಂದಿದ್ದೇ ಅವರು ತೀರಿಕೊಂಡ ಮೇಲೆ. ಆ ಕಾಲದವರು ಕಥೆಯನ್ನು ಮೊದಲು ಪತ್ರಿಕೆಗೆ ಕಳಿಸುತ್ತಿದ್ದರು, ಪುಸ್ತಕ ಆಮೇಲಿನ ಮಾತು. ಹಾಗಾಗಿ ನಿಮ್ಮಲ್ಲಿ ಜಯಕರ್ನಾಟಕ, ಪ್ರಬುದ್ಧ ಕರ್ನಾಟಕದಂಥ ಪತ್ರಿಕೆಗಳ ಬೌಂಡ್ ವಾಲ್ಯೂಮ್, ಅಂದರೆ ಹಳೇ ಸಂಚಿಕೆಗಳನ್ನು ಒಟ್ಟಿಗೆ ಹೊಲಿದು ರಟ್ಟು ಹಾಕಿದ ಸಂಪುಟ, ಇದೆಯಾ ಕೇಳಿ. ಕಥೆ ಅಷ್ಟೇ ಅಲ್ಲ, ಆಗ ಅಕ್ಕಪಕ್ಕದ ಪುಟದಲ್ಲಿ ಏನು ಅಚ್ಚಾಗುತ್ತಿತ್ತು, ಹೆಂಗಸರ ಬಗ್ಗೆ ಯಾರು ಏನು ವಾದ ಮಾಡುತ್ತಿದ್ದರು, ಅದೂ ಸಿಗುತ್ತದೆ. ಪ್ರಾಜೆಕ್ಟ್‌ಗೆ ಜೀವ ಬರೋದು ಅಲ್ಲಿಂದ. ಬೇಂದ್ರೆಯವರು ಬರೆದ "ತಂಗಿ ಗೌರಮ್ಮ" ಕವನವನ್ನೂ ಹುಡುಕಿ, ಅದು ಕವನದ ಕಪಾಟಿನಲ್ಲಿರುತ್ತೆ, 894.8141.

ಬೀಗದಕೈ: ಬೌಂಡ್ ವಾಲ್ಯೂಮ್ ಅಂತೆ! ನಮ್ಮಲ್ಲಿ ಆ ಬೀರುವಿನ ಕೀ ಯಾರ ಹತ್ತಿರ ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಸುಮ್ನೆ ಅಲೆಯಬೇಡಿ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ಜಾಸ್ತಿ ಇದೆ. ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧಗಳು ಪುಕ್ಕಟೆ. ದೀಪಾ ಭಾಸ್ತಿ 2023ರಲ್ಲಿ ಇವರ ಕಥೆಗಳ ಇಂಗ್ಲಿಷ್ ಅನುವಾದ ತಂದಿದ್ದಾರೆ, ಹೊಸ ಪುಸ್ತಕ ತರಿಸಿ ಅಂತ ಲೈಬ್ರರಿಗೆ ಒಂದು ಚೀಟಿ ಬರೆದುಕೊಡಿ.

ಧೂಳುಕಪಾಟು: ಚೀಟಿ ಕೊಡಿ, ಖಂಡಿತ. ಕೀ ವಿಷಯಕ್ಕೆ ನಾನೇನೂ ಹೇಳಲ್ಲ 😀 ಆದರೆ ಶೋಧಗಂಗಾದ ಪ್ರಬಂಧವನ್ನು ಎತ್ತಿ ಬರೆಯಬೇಡಿ, ಅದರ ಹಿಂದಿನ ಗ್ರಂಥಸೂಚಿ ನೋಡಿ. ಯಾವ ಪತ್ರಿಕೆ, ಯಾವ ಸಂಚಿಕೆ ಅಂತ ಅಲ್ಲಿರಬಹುದು.

ಕೊನೇಬೆಂಚು: ಸಿಕ್ಕಿತು! ಜಿ-ಒ-ಡಬ್ಲ್ಯೂನಲ್ಲಿ ಇತ್ತು, ಕಂಬನಿಯ ಮರುಮುದ್ರಣ. ಹಿಂದಿನ ಡೇಟ್ ಸ್ಲಿಪ್‌ನಲ್ಲಿ ಎರಡೇ ಸೀಲು, ಯಾರೂ ತೆಗೆದುಕೊಂಡು ಹೋಗೇ ಇಲ್ಲ ಅನ್ಸುತ್ತೆ. ಇನ್ನೊಂದು ಡೌಟು, ಪ್ರಾಜೆಕ್ಟ್‌ನಲ್ಲಿ ಯಾವ ವರ್ಷ ಹಾಕಲಿ?

ಹಳೇಸಂಚಿಕೆ: ಎರಡೂ ಹಾಕಿ. ಮುಖಪುಟದ ಹಿಂದಿನ ಪುಟದಲ್ಲಿ ಮೊದಲ ಮುದ್ರಣ ಯಾವಾಗ ಅಂತ ಇರುತ್ತೆ, ಅದು ಮೊದಲು, ನೀವು ಓದಿದ ಪ್ರತಿಯ ವರ್ಷ ಆಮೇಲೆ. ಮರುಮುದ್ರಣದ ವರ್ಷ ಮಾತ್ರ ಹಾಕಿದರೆ, 1939ರಲ್ಲಿ ತೀರಿಕೊಂಡವರು ಆಮೇಲೆ ಹೇಗೆ ಬರೆದರು ಅಂತ ವೈವಾದಲ್ಲಿ ಕೇಳ್ತಾರೆ. ಪುಟ ಸಂಖ್ಯೆ ಮಾತ್ರ ನಿಮ್ಮ ಕೈಯಲ್ಲಿರುವ ಪ್ರತಿಯದ್ದೇ ಕೊಡಿ.